ಬೀಟಲ್ ಕಾರಿನ ಸೋಲೆಕ್ಸ್ 34 ಪಿಕ್ಟ್-3: ಎಂಟು ಭಾನುವಾರಗಳ ದುರಸ್ತಿ ದಾಖಲೆ

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಸೋಲೆಕ್ಸ್ 34 ಪಿಕ್ಟ್-3 ಕಾರ್ಬುರೇಟರಿನಲ್ಲಿ ಹೊರಗಿನಿಂದ ತಿರುಗಿಸಲು ಸಿಗುವ ಮುಖ್ಯ ಸ್ಕ್ರೂಗಳು ಮೂರು. ಐಡ್ಲಿಂಗ್ ವೇಗ (ಆಕ್ಸಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ) ಹೊಂದಿಸಲು ಮುಟ್ಟಲೇಬಾರದ ಸ್ಕ್ರೂ ಅವುಗಳಲ್ಲಿ ಒಂದು. ನಾಲ್ಕು ವರ್ಷಗಳಿಂದ ನಾನು ತಿರುಗಿಸುತ್ತಾ ಬಂದದ್ದು ಅದೊಂದನ್ನೇ. ಕಾರು ಕೊಂಡ ಮೇಲೆ ಒಂದು ಗ್ಯಾರೇಜಿನ ಹುಡುಗ ಅದನ್ನು ತಿರುಗಿಸಿ ಇಂಜಿನ್ ನಿಲ್ಲದಂತೆ ಮಾಡಿ ತೋರಿಸಿದ್ದ. ನಾನು ಅದನ್ನೇ ವಿದ್ಯೆ ಎಂದುಕೊಂಡೆ. ಕೆಳಗಿನ ದಾಖಲೆಯ ಅರ್ಧ ಭಾಗ ಆ ಒಂದು ತಪ್ಪನ್ನು ಬಿಚ್ಚಿ ನೋಡಿದ ಕಥೆ.

ಕಾರು 1972ರ ಫೋಕ್ಸ್‌ವ್ಯಾಗನ್ ಬೀಟಲ್. 2019ರಲ್ಲಿ ಮೈಸೂರಿನಲ್ಲಿ ಕೊಂಡಾಗಲೇ ಅದರಲ್ಲಿ ಮೂಲ ಇಂಜಿನ್ ಇರಲಿಲ್ಲ. ಹಿಂದಿನ ಮಾಲೀಕರು 'ಎಡಿ' ಅಕ್ಷರಗಳಿಂದ ಶುರುವಾಗುವ ಸಂಖ್ಯೆಯ, 1584 ಸಿಸಿಯ ಡ್ಯುಯಲ್ ಪೋರ್ಟ್ ಇಂಜಿನ್ ಕೂರಿಸಿದ್ದರು. ಕಾರ್ಬುರೇಟರ್ ಜರ್ಮನಿಯಲ್ಲಿ ತಯಾರಾದ ಸೋಲೆಕ್ಸ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಗಾಳಿ ಎಳೆತದಿಂದ ಕಿಡಿಯನ್ನು ಮೊದಲೇ ಹಾರಿಸುವ ಏರ್ಪಾಡು) ಇರುವಂಥದ್ದು. 2024ರ ಡಿಸೆಂಬರ್ ಹೊತ್ತಿಗೆ ಕಾರಿನ ಸ್ಥಿತಿ ಹೀಗಿತ್ತು: ಬಿಸಿಯಾದ ಮೇಲೆ ಐಡ್ಲಿಂಗ್ 700ರಿಂದ 1300 ಆರ್‌ಪಿಎಂ ನಡುವೆ ಉಯ್ಯಾಲೆಯಾಡುತ್ತಿತ್ತು, ಸಿಗ್ನಲಿನಲ್ಲಿ ಆಕ್ಸಲರೇಟರ್ ಒತ್ತಿದರೆ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಹೊರಡುತ್ತಿತ್ತು, ಹಿಂದಿನ ಸೀಟಿನವರೆಗೂ ಪೆಟ್ರೋಲ್ ವಾಸನೆ ಬರುತ್ತಿತ್ತು, ಲೀಟರಿಗೆ 11 ಕಿ.ಮೀ. ಕೊಡುತ್ತಿದ್ದ ಗಾಡಿ 7.5ಕ್ಕೆ ಇಳಿದಿತ್ತು.

ಜನವರಿ 12, 2025

ಮೊದಲ ಭಾನುವಾರ ಕಾರ್ಬುರೇಟರನ್ನು ಮುಟ್ಟಲಿಲ್ಲ. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ), ಪಾಯಿಂಟ್ (ಕಿಡಿ ಹುಟ್ಟಿಸುವ ಸ್ವಿಚ್ಚು), ಪ್ಲಗ್, ಟೈಮಿಂಗ್ (ಕಿಡಿ ಹಾರುವ ಹೊತ್ತು) ಸರಿಯಿಲ್ಲದೆ ಕಾರ್ಬುರೇಟರ್ ಹೊಂದಿಸಲು ಕೂತರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ ಎಂಬುದನ್ನು ಹಿಂದೆ ಎರಡು ಸಲ ಅನುಭವಿಸಿದ್ದೇನೆ.

ರಾತ್ರಿಯೆಲ್ಲ ತಣ್ಣಗಾದ ಇಂಜಿನ್ನಿನಲ್ಲಿ ಟ್ಯಾಪೆಟ್ ಸಂದು 0.15 ಮಿ.ಮೀ. ಇರಬೇಕು. ಎಂಟರಲ್ಲಿ ಆರು ಸರಿಯಾಗಿದ್ದವು, ಒಂದು ಸಡಿಲವಾಗಿತ್ತು, 3ನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಮಾತ್ರ 0.05ಕ್ಕೆ ಬಿಗಿದುಕೊಂಡಿತ್ತು. ಈ ಇಂಜಿನ್ನಿನಲ್ಲಿ ಹೆಚ್ಚು ಬಿಸಿಯಾಗುವ ಸಿಲಿಂಡರ್ ಅದೇ ಆದ್ದರಿಂದ, ಇನ್ನು ಸಾವಿರ ಕಿ.ಮೀ. ಬಿಟ್ಟು ಮತ್ತೆ ನೋಡಬೇಕೆಂದು ಬಾನೆಟ್ಟಿನ ಒಳಗೆ ಚೀಟಿ ಅಂಟಿಸಿದೆ. ಪಾಯಿಂಟ್ ಸಂದನ್ನು 0.4 ಮಿ.ಮೀ.ಗೆ ಇಟ್ಟಾಗ ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 49 ಡಿಗ್ರಿ ತೋರಿಸಿತು. ಪ್ಲಗ್ ಸಂದು 0.7 ಮಿ.ಮೀ. ನಾಲ್ಕೂ ಪ್ಲಗ್‌ಗಳು ಒಣ ಮಸಿಯಿಂದ ಕಪ್ಪಾಗಿದ್ದವು.

ಟೈಮಿಂಗ್ ನೋಡುವಾಗ ಒಂದು ವಿಚಿತ್ರ ಕಂಡಿತು. ವ್ಯಾಕ್ಯೂಮ್ ಪೈಪ್ ಕಿತ್ತು, ಬಾಯಿ ಮುಚ್ಚಿ, ಟಿಡಿಸಿಗೆ (ಪಿಸ್ಟನ್ ಮೇಲ್ತುದಿ ಮುಟ್ಟುವ ಜಾಗಕ್ಕೆ) 7.5 ಡಿಗ್ರಿ ಮೊದಲಿಗೆ ಹೊಂದಿಸಿದೆ. ಪೈಪನ್ನು ಮತ್ತೆ ಜೋಡಿಸಿದ ಕೂಡಲೇ ಪುಲ್ಲಿಯ ಗುರುತು ಹತ್ತು ಡಿಗ್ರಿಗೂ ಹೆಚ್ಚು ಓಡಿತು, ಇಂಜಿನ್ನಿನ ವೇಗವೂ ಏರಿತು. ಐಡ್ಲಿಂಗ್‌ನಲ್ಲಿ ಹೀಗಾಗಬಾರದು. ಅಡ್ವಾನ್ಸಿಗೆ ಹೋಗುವ ರಂಧ್ರ ಥ್ರಾಟಲ್ ತಟ್ಟೆಯ (ಆಕ್ಸಲರೇಟರ್ ಒತ್ತಿದಾಗ ಗಾಳಿಗೆ ದಾರಿ ತೆರೆಯುವ ಬಿಲ್ಲೆಯ) ಅಂಚಿಗಿಂತ ಸ್ವಲ್ಪ ಮೇಲಿರುತ್ತದೆ. ತಟ್ಟೆ ಮುಚ್ಚಿರುವಾಗ ಅಲ್ಲಿ ವ್ಯಾಕ್ಯೂಮ್ ಸಿಗುವುದಿಲ್ಲ. ಸಿಗುತ್ತಿದೆಯೆಂದರೆ ತಟ್ಟೆ ಪೂರ್ತಿ ಮುಚ್ಚುತ್ತಿಲ್ಲ ಎಂದೇ ಅರ್ಥ. ಅಂದು ಇದನ್ನು ಪುಸ್ತಕದಲ್ಲಿ ಬರೆದಿಟ್ಟೆನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ.

ಜನವರಿ 19

ಏರ್ ಲೀಕ್ ಹುಡುಕಿದ ದಿನ. ಇಂಜಿನ್ ಓಡುತ್ತಿರುವಾಗ ಅನುಮಾನವಿರುವ ಜಾಗಗಳಿಗೆ ಕಾರ್ಬ್ ಕ್ಲೀನರ್ ಸ್ಪ್ರೇಯನ್ನು ಚೂರು ಚೂರೇ ಹೊಡೆದು, ವೇಗ ಬದಲಾಗುತ್ತದೆಯೇ ಎಂದು ಆಲಿಸುವುದು ವಿಧಾನ. ಆ ಸ್ಪ್ರೇ ಹೊತ್ತಿಕೊಳ್ಳುವ ವಸ್ತು, ಕೆಳಗಿರುವುದು ಮೆಗ್ನೀಸಿಯಂ ಮಿಶ್ರಲೋಹದ ಇಂಜಿನ್ ಕೇಸ್. ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಬೇಕು.

ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡ್‌ನ ನಡುವಿನ ಕೊಳವೆಯನ್ನು ಎರಡು ತುದಿಯ ಅಲ್ಯೂಮಿನಿಯಂ ಭಾಗಗಳಿಗೆ ಜೋಡಿಸುವ ರಬ್ಬರ್ ಬೂಟ್‌ಗಳಲ್ಲಿ ಎಡಗಡೆಯದು ಕೆಳಮುಖವಾಗಿ ಸೀಳಿತ್ತು. ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು; ಬೆರಳು ಹಾಕಿ ತಡವಿದಾಗಷ್ಟೇ ಸೀಳು ಸಿಕ್ಕಿತು. ಎರಡನ್ನೂ ಬದಲಿಸಿದೆ. ಐಡ್ಲಿಂಗ್ ಉಯ್ಯಾಲೆ ಅರ್ಧದಷ್ಟು ಕಡಿಮೆಯಾಯಿತು. ಕೆಲಸ ಮುಗಿಯಿತೆಂದು ಚಹಾ ಕುಡಿದು ಬಂದು, ಡಬ್ಬಿಯಲ್ಲಿ ಉಳಿದಿದ್ದ ಸ್ಪ್ರೇಯನ್ನು ಥ್ರಾಟಲ್ ಶಾಫ್ಟ್ ದೇಹದಿಂದ ಹೊರಬರುವ ಜಾಗಕ್ಕೆ ಹೊಡೆದೆ. ಇಂಜಿನ್ನಿನ ವೇಗ ತಟ್ಟನೆ ಬದಲಾಯಿತು. ಥ್ರಾಟಲ್ ತೋಳನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿದರೆ ಶಾಫ್ಟ್ ಕಣ್ಣಿಗೆ ಕಾಣುವಷ್ಟು ಕುಣಿಯುತ್ತಿತ್ತು.

ಆಗ ಥ್ರಾಟಲ್ ತೋಳಿನ ಮೇಲಿನ, ನಾನು ನಾಲ್ಕು ವರ್ಷ ತಿರುಗಿಸಿದ ಸ್ಕ್ರೂ ನೆನಪಾಯಿತು. ಅದನ್ನು ಹಿಂದಕ್ಕೆ ಬಿಡಿಸುತ್ತಾ ಹೋದೆ. ಒಂದೂಕಾಲು ಸುತ್ತು ಬಿಡಿಸಿದ ಮೇಲೆ ಇಂಜಿನ್ ನಿಂತಿತು. ಅಂದರೆ ಐಡ್ಲಿಂಗ್‌ಗೆಂದೇ ಇರುವ ಒಳದಾರಿಯಲ್ಲಿ ಪೆಟ್ರೋಲ್ ಬರುತ್ತಲೇ ಇರಲಿಲ್ಲ. ನಾನು ನಾಲ್ಕು ವರ್ಷ ಥ್ರಾಟಲನ್ನೇ ಸ್ವಲ್ಪ ತೆರೆದಿಟ್ಟು ಕಾರು ಓಡಿಸಿದ್ದೆ. ಹೋದ ವಾರದ ಅಡ್ವಾನ್ಸ್ ವಿಚಿತ್ರಕ್ಕೂ, ಆಕ್ಸಲರೇಟರ್ ಒತ್ತಿದಾಗಿನ ಉಸಿರುಗಟ್ಟುವಿಕೆಗೂ ಕಾರಣ ಒಂದೇ ಆಯಿತು. ಅಷ್ಟರಲ್ಲಿ ಕತ್ತಲಾಗಿತ್ತು.

ಜನವರಿ 26

ಬಿಚ್ಚಿದ ದಿನ. ಬೇಕಾದ ಉಪಕರಣಗಳು: 13ರ ರಿಂಗ್ ಸ್ಪ್ಯಾನರ್, 8 ಮತ್ತು 10ರ ಸ್ಪ್ಯಾನರ್, ಬಾಯಿ ಸವೆಯದ ಮೂರು ಅಳತೆಯ ಚಪ್ಪಟೆ ಸ್ಕ್ರೂಡ್ರೈವರ್, ಇಕ್ಕಳ, ಮೊಬೈಲ್ ಕ್ಯಾಮೆರಾ. ಏರ್ ಕ್ಲೀನರ್, ಚೋಕ್ (ತಣ್ಣನೆಯ ಇಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಏರ್ಪಾಡು) ಮತ್ತು ಕಟ್-ಆಫ್ ವಾಲ್ವಿನ (ಕೀ ಆರಿಸಿದಾಗ ಐಡ್ಲಿಂಗ್ ಪೆಟ್ರೋಲ್ ನಿಲ್ಲಿಸುವ ವಾಲ್ವಿನ) ವೈರುಗಳು, ವ್ಯಾಕ್ಯೂಮ್ ಪೈಪ್, ಆಕ್ಸಲರೇಟರ್ ಕೇಬಲ್, ಆಮೇಲೆ ಬುಡದ ಎರಡು ನಟ್. ಹಿಂದಿನ ನಟ್ಟಿಗೆ ಡೈನಮೋ ಅಡ್ಡವಿರುವುದರಿಂದ ಸ್ಪ್ಯಾನರ್ ಒಂದು ಸಲಕ್ಕೆ ಕಾಲು ಸುತ್ತೂ ತಿರುಗುವುದಿಲ್ಲ. ಅದೊಂದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಪೆಟ್ರೋಲ್ ಪೈಪ್ ಕಿತ್ತ ತಕ್ಷಣ ಅದಕ್ಕೆ ಬೋಲ್ಟ್ ತುರುಕಿ ಬಾಯಿ ಮುಚ್ಚಿದೆ, ಮ್ಯಾನಿಫೋಲ್ಡ್ ಬಾಯಿಗೆ ಬಟ್ಟೆಯ ಉಂಡೆ ಇಟ್ಟೆ.

ಪೈಪ್ ಕೀಳುವಾಗ ಅದರ ಜೊತೆಗೆ ಕಾರ್ಬುರೇಟರಿನ ಮುಚ್ಚಳದಲ್ಲಿ ಒತ್ತಿ ಕೂರಿಸಿದ ಹಿತ್ತಾಳೆ ನಳಿಗೆಯೂ ಕೈಗೆ ಬಂತು. ಹಳೆಯ ಬೀಟಲ್‌ಗಳು ಸುಟ್ಟುಹೋಗುವುದಕ್ಕೆ ಈ ನಳಿಗೆ ಕಳಚಿಕೊಳ್ಳುವುದು ಬಲು ಪರಿಚಿತ ಕಾರಣ: ನಳಿಗೆ ಜಾರಿದರೆ ಪಂಪ್ ಪೆಟ್ರೋಲನ್ನು ನೇರವಾಗಿ ಬಿಸಿ ಇಂಜಿನ್ನಿನ ಮೇಲೆ, ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲೇ ಸುರಿಯುತ್ತದೆ. ಹಿಂದಿನ ಸೀಟಿಗೆ ಬರುತ್ತಿದ್ದ ವಾಸನೆ ನೆನೆದು ಬೆನ್ನು ತಣ್ಣಗಾಯಿತು. ಆ ಸೀಟಿನಲ್ಲಿ ಸಾಮಾನ್ಯವಾಗಿ ಕೂರುವುದು ಅಕ್ಕನ ಮಗ.

ಮುಚ್ಚಳದ ಐದು ಸ್ಕ್ರೂ ತೆಗೆದೆ. ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಬಿಳಿ-ಹಸಿರು ಪುಡಿ ಕೆಸರಿನಂತೆ ಕೂತಿತ್ತು, ಆಕ್ಸಲರೇಟರ್ ಪಂಪಿನ ಡಯಾಫ್ರಂ (ರಬ್ಬರ್ ಪೊರೆ) ಉಬ್ಬಿ ಮೆತ್ತಗಾಗಿತ್ತು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ದೇಶದಲ್ಲಿ ಮೊದಲು ಮಾರಾಟಕ್ಕೆ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ. 1972ರ ರಬ್ಬರಿಗೆ ಅಂಥ ಪೆಟ್ರೋಲಿನ ಪರಿಚಯವಿರಲಿಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ; ವಾರಕ್ಕೊಮ್ಮೆ ಮಾತ್ರ ಓಡುವ ಕಾರಿನ ಬಟ್ಟಲಿನಲ್ಲಿ ಅದು ನಿಂತಲ್ಲೇ ನಿಂತು ಲೋಹವನ್ನು ತಿನ್ನುತ್ತದೆ.

ಜೆಟ್‌ಗಳ (ಪೆಟ್ರೋಲ್ ಅಳೆದು ಬಿಡುವ, ರಂಧ್ರವಿರುವ ಪುಟ್ಟ ತಿರುಪುಗಳ) ಮೇಲಿನ ಸಂಖ್ಯೆ ರಂಧ್ರದ ಅಳತೆಯನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. ಬಟ್ಟಲಿನ ಹೊರಮೈಯ ಪ್ಲಗ್ ಬಿಚ್ಚಿದರೆ ಸಿಗುವ ಮೇನ್ ಜೆಟ್ 127.5, ಸರಿಯಾದದ್ದೇ. ಐಡ್ಲಿಂಗ್‌ನ ಪೈಲಟ್ ಜೆಟ್ ಮೇಲೆ 55 ಎಂದಿತ್ತು, ಆದರೆ 0.60 ಮಿ.ಮೀ. ಡ್ರಿಲ್‌ನ ಹಿಂಬದಿ ಅದರೊಳಗೆ ಸಲೀಸಾಗಿ ಹೋಯಿತು. ಯಾವ ಕಾಲದಲ್ಲೋ ಯಾರೋ ಅದನ್ನು ತಂತಿಯಿಂದ ಕೆರೆದು ದೊಡ್ಡದು ಮಾಡಿದ್ದರು. ತಮಾಷೆಯೆಂದರೆ, ಹಾಗೆ ದೊಡ್ಡದಾದ ಜೆಟ್ಟಿನ ಮುಂದಿನ ಒಳದಾರಿ ಪೂರ್ತಿ ಕಟ್ಟಿಕೊಂಡಿತ್ತು.

ಈ ದಿನದ ತಪ್ಪು: ಆಕ್ಸಲರೇಟರ್ ಪಂಪಿನ ದಾರಿಯಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ. ಅದು ಗೊತ್ತಿದ್ದೂ ದೇಹವನ್ನು ತಲೆಕೆಳಗೆ ಹಿಡಿದು ಊದಿದೆ. ಟಿಕ್ ಎಂಬ ಸದ್ದೊಂದು ಕೇಳಿತು, ಅಷ್ಟೇ. ಒಂದು ಗಂಟೆ ಅಂಗಳ ಗುಡಿಸಿ, ಸೈಕಲ್ ಅಂಗಡಿಯಿಂದ ತಂದ ಗುಂಡು ಕೂದಲೆಳೆ ದಪ್ಪವಾಗಿ ಸಿಕ್ಕಿಕೊಂಡು, ಕೊನೆಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕಸದ ಮೇಲೆ ಆಡಿಸಿದಾಗ ಮೂಲದ ಗುಂಡೇ ಅಂಟಿಕೊಂಡು ಬಂತು. ಬಿಳಿ ಪಂಚೆ ಹಾಸಿಕೊಂಡು ಅದರ ಮೇಲೆ ಬಿಚ್ಚಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಫೆಬ್ರುವರಿ 2ರಿಂದ 8

ಭಾನುವಾರ ತೊಳೆದೆ. ರಬ್ಬರ್, ಪ್ಲಾಸ್ಟಿಕ್, ಡಯಾಫ್ರಂ, ಚೋಕ್‌ನ ಸ್ಪ್ರಿಂಗ್ ಇರುವ ಬಿಲ್ಲೆ ಮತ್ತು ಕಟ್-ಆಫ್ ವಾಲ್ವ್ ಇಷ್ಟನ್ನು ಬೇರ್ಪಡಿಸಿ, ಉಳಿದ ದೇಹಕ್ಕೆ ಕಾರ್ಬ್ ಕ್ಲೀನರ್ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಒಳದಾರಿಗಳನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಿಂದ ಊದಿಸಿದೆ. ಐಡ್ಲಿಂಗ್ ದಾರಿ ಮೊದಲ ಮೂರು ಸಲಕ್ಕೂ ತೆರೆಯಲಿಲ್ಲ. ಸ್ಪ್ರೇ ತುಂಬಿಸಿ ರಾತ್ರಿಯೆಲ್ಲ ಬಿಟ್ಟು ಮರುದಿನ ಊದಿಸಿದಾಗ ಹಸಿರು ಹರಳಿನಂಥದ್ದೊಂದು ಹೊರಬಿತ್ತು. ತಂತಿ ತುರುಕುವ ಆಸೆಯನ್ನು ತಡೆದುಕೊಂಡದ್ದಕ್ಕೆ ಪೈಲಟ್ ಜೆಟ್ಟಿನ ಉದಾಹರಣೆ ಕಣ್ಣೆದುರಿಗಿದ್ದುದೇ ಕಾರಣ.

ಸೋಮವಾರ ಕಾಮಾಕ್ಷಿಪಾಳ್ಯದ ಲೇತ್ ಕೆಲಸದವರಲ್ಲಿಗೆ ಹೋದೆ. ವರ್ನಿಯರ್ ಹಾಕಿ ನೋಡಿದಾಗ ಶಾಫ್ಟ್ ಸವೆದ ಜಾಗದಲ್ಲಿ 7.92 ಮಿ.ಮೀ. ಇತ್ತು, ದೇಹದ ರಂಧ್ರ ಒಂದು ಬದಿಗೆ 8.2ರಷ್ಟು ಮೊಟ್ಟೆಯಾಕಾರಕ್ಕೆ ಅಗಲಿತ್ತು. ಮೇಸ್ತ್ರಿ ಅದನ್ನು ಅಂಗೈಯಲ್ಲಿ ಹಿಡಿದು ಎರಡು ಸಲ ಆಡಿಸಿ, "ಸಾರ್, ಜೆಟ್ ಎಷ್ಟು ಬದಲಾಯಿಸಿದ್ರೂ ಇದು ನಿಲ್ಲಲ್ಲ, ಶಾಫ್ಟೇ ಗಾಳಿ ಕುಡೀತಿದೆ" ಎಂದರು. ರಂಧ್ರಗಳನ್ನು 10 ಮಿ.ಮೀ.ಗೆ ರೀಮರ್ (ರಂಧ್ರ ಹಿಗ್ಗಿಸುವ ಉಪಕರಣ) ಹೊಡೆದು, ಹೊರಗೆ 10 ಒಳಗೆ 8ರ ಕಂಚಿನ ಬುಶ್ (ಕೊಳವೆ) ಎರಡು ಕೂರಿಸಿ, ಹೊಸ ಶಾಫ್ಟನ್ನು ಸ್ಟೀಲ್ ಸಲಾಕೆಯಿಂದ ತಿರುವಿಕೊಡುವುದೆಂದು ತೀರ್ಮಾನವಾಯಿತು. ಎರಡು ಬದಿಗೂ ಒಂದೇ ಹಿಡಿತದಲ್ಲಿ ರೀಮರ್ ಹೊಡೆಯಬೇಕು, ಬಿಚ್ಚಿ ತಿರುಗಿಸಿ ಹೊಡೆದರೆ ಗೆರೆ ತಪ್ಪುತ್ತದೆ ಎಂದು ನಾನು ಹೇಳುವ ಮೊದಲೇ ಅವರು ಉದ್ದನೆಯ ರೀಮರ್ ಹುಡುಕತೊಡಗಿದ್ದರು. ಹಿತ್ತಾಳೆ ನಳಿಗೆಯ ರಂಧ್ರಕ್ಕೂ ಅಲ್ಲೇ ತ್ರೆಡ್ ಹೊಡೆಸಿ, ತಿರುಗಿಸಿ ಕೂರಿಸುವ ನಳಿಗೆ ಮಾಡಿಸಿದೆ. ಎಲ್ಲ ಸೇರಿ 1,400 ರೂಪಾಯಿ, ನಾಲ್ಕು ದಿನ.

ಶನಿವಾರ ಥ್ರಾಟಲ್ ತಟ್ಟೆಯನ್ನು ಹೊಸ ಶಾಫ್ಟಿಗೆ ಕೂರಿಸಿದೆ. ಅದರ ಎರಡು ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲೇ ಜಜ್ಜಿರುತ್ತಾರೆ. ಅರದಿಂದ ಉಜ್ಜಿಯೇ ಬಿಚ್ಚಿದ್ದೆ, ಹೊಸದಕ್ಕೆ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ತುದಿಯನ್ನು ಮತ್ತೆ ಸ್ವಲ್ಪ ಜಜ್ಜಿದೆ. ಸ್ಕ್ರೂ ಕಳಚಿದರೆ ಅದು ನೇರವಾಗಿ ಸಿಲಿಂಡರಿಗೇ ಹೋಗುತ್ತದೆ. ದೇಹವನ್ನು ಬೆಳಕಿಗೆ ಹಿಡಿದು ನೋಡಿದರೆ ತಟ್ಟೆಯ ಒಂದು ಪಕ್ಕದಲ್ಲಿ ಮೂರನೇ ದಿನದ ಚಂದ್ರನಂತೆ ಬೆಳಕಿನ ಗೆರೆ. ತಟ್ಟೆಯ ಅಂಚು ಓರೆಯಾಗಿ ಕತ್ತರಿಸಿರುವುದರಿಂದ ಅದು ಒಂದೇ ಬಗೆಯಲ್ಲಿ ಕೂರುತ್ತದೆ, ನಾನು ತಲೆಕೆಳಗೆ ಹಾಕಿದ್ದೆ. ಬಿಚ್ಚುವಾಗ ಗೀರು ಹಾಕಿ ಗುರುತು ಮಾಡಿದ್ದೆ, ಆದರೆ ತೊಳೆಯುವ ಉತ್ಸಾಹದಲ್ಲಿ ಆ ಗೀರನ್ನೂ ಉಜ್ಜಿಹಾಕಿದ್ದೆ. ಜಜ್ಜಿದ ಸ್ಕ್ರೂಗಳನ್ನು ಮತ್ತೆ ಅರದಿಂದ ಉಜ್ಜಿ, ಇನ್ನೆರಡು ಹೊಸ ಸ್ಕ್ರೂ ಹಾಕಬೇಕಾಯಿತು. ಈ ಸಲ ಸ್ಕ್ರೂಗಳನ್ನು ಸಡಿಲವಾಗಿಟ್ಟು, ತಟ್ಟೆಯನ್ನು ಎರಡು ಮೂರು ಸಲ ಪಟಕ್ಕೆಂದು ಮುಚ್ಚಿ ತಾನೇ ನಡುವಿಗೆ ಬರುವಂತೆ ಮಾಡಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಿಗಿದೆ.

ಫೆಬ್ರುವರಿ 9

ಜೋಡಣೆ. ವಿದೇಶದಿಂದ ತರಿಸಿದ ರಿಪೇರಿ ಕಿಟ್‌ನಲ್ಲಿ ಒಂದಕ್ಕಿಂತ ಹೆಚ್ಚು ಮಾದರಿಗೆ ಆಗುವ ಸಾಮಾನುಗಳಿದ್ದವು. ಮುಚ್ಚಳದ ಪ್ಯಾಕಿಂಗ್‌ಗಳು ಎರಡು, ನೋಡಲು ಅವಳಿ-ಜವಳಿ. ಒಂದನ್ನು ಹಾಕಿ ಬಿಗಿದು ಸ್ಟಾರ್ಟ್ ಮಾಡಿದರೆ ತಣ್ಣನೆಯ ಇಂಜಿನ್ ಹೊತ್ತಿಕೊಂಡದ್ದೇ ಕಪ್ಪು ಹೊಗೆ ಉಗುಳಿ ನಿಂತಿತು. ಚೋಕ್ ತಟ್ಟೆ, ಸ್ಟಾರ್ಟ್ ಆದ ಕೂಡಲೇ ವ್ಯಾಕ್ಯೂಮ್ ಡಯಾಫ್ರಂ ಎಳೆತಕ್ಕೆ ಸ್ವಲ್ಪ ತೆರೆದುಕೊಳ್ಳಬೇಕು. ಅದು ಅಲುಗಲೇ ಇಲ್ಲ. ಮುಚ್ಚಳ ಬಿಚ್ಚಿ ಹಳೆಯ ಪ್ಯಾಕಿಂಗ್ ಮೇಲೆ ಹೊಸದನ್ನಿಟ್ಟು ನೋಡಿದರೆ, ಹಳೆಯದರಲ್ಲಿದ್ದ ಒಂದು ಸಣ್ಣ ರಂಧ್ರ ಹೊಸದರಲ್ಲಿ ಇರಲೇ ಇಲ್ಲ. ಹಳೆಯ ಪ್ಯಾಕಿಂಗನ್ನು ಕೆಲಸ ಮುಗಿಯುವವರೆಗೆ ಎಸೆಯದೆ ಇಟ್ಟುಕೊಂಡದ್ದೊಂದು ಪುಣ್ಯ.

ಆಮೇಲೆ ಬಟ್ಟಲಿನ ಪೆಟ್ರೋಲ್ ಮಟ್ಟ. ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಒಂದು ನಿಮಿಷ ಓಡಿಸಿ, ಆರಿಸಿ, ಪೈಪ್ ಕಿತ್ತು ಬಾಯಿ ಮುಚ್ಚಿ, ಮುಚ್ಚಳ ತೆಗೆದು, ಬಟ್ಟಲಿನ ಮೇಲಂಚಿನಿಂದ ಪೆಟ್ರೋಲಿನವರೆಗೆ ವರ್ನಿಯರಿನ ಬಾಲದಿಂದ ಅಳೆದೆ. 15 ಮಿ.ಮೀ. ಬಂತು. ನಾನು ಗುರಿಯಾಗಿಟ್ಟುಕೊಂಡದ್ದು 18ರಿಂದ 19. ಅಂದರೆ ಮಟ್ಟ ಮೂರು ನಾಲ್ಕು ಮಿಲಿಮೀಟರ್ ಮೇಲಿದೆ, ಬ್ರೇಕ್ ಹಾಕಿದಾಗಲೆಲ್ಲ ಪೆಟ್ರೋಲ್ ಉಕ್ಕುತ್ತಿದೆ. ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವಿನ ಬುಡದ ವಾಷರ್ ದಪ್ಪವಾದಷ್ಟೂ ವಾಲ್ವ್ ಕೆಳಗಿಳಿದು, ಫ್ಲೋಟ್ (ಪೆಟ್ರೋಲಿನಲ್ಲಿ ತೇಲುವ ಬುರುಡೆ) ಅದನ್ನು ಬೇಗ ಮುಚ್ಚಿ, ಮಟ್ಟ ಇಳಿಯುತ್ತದೆ. 0.5 ಮಿ.ಮೀ. ವಾಷರ್ ಬದಲು 1.0 ಹಾಕಿದೆ, 17 ಬಂತು, 1.5 ಹಾಕಿದಾಗ 18.5. ಪ್ರತಿ ಸಲವೂ ಅದೇ ಐದು ಸ್ಕ್ರೂ, ಅದೇ ಒಂದು ನಿಮಿಷದ ಓಟ. ಮಧ್ಯಾಹ್ನದ ಊಟ ನಾಲ್ಕು ಗಂಟೆಗಾಯಿತು.

ಪೆಟ್ರೋಲ್ ಪೈಪ್‌ಗಳನ್ನೂ ಅಂದೇ ಬದಲಿಸಿದೆ. ಈ ಕಾರಿಗೆ ಒಳವ್ಯಾಸ 5 ಮಿ.ಮೀ. ಪೈಪ್ ಬೇಕು, ಅಂಗಡಿಗಳಲ್ಲಿ ಕೇಳಿದರೆ ಸುಲಭವಾಗಿ ಕೊಡುವುದು ಕಾಲು ಇಂಚಿನದು. ಅದನ್ನು ಕ್ಲಾಂಪ್ ಹಾಕಿ ಎಷ್ಟು ಬಿಗಿದರೂ ಮಡಿಕೆಯಲ್ಲಿ ಒಸರುತ್ತದೆ. ಜೆ.ಸಿ. ರಸ್ತೆಯಲ್ಲಿ ಐದಾರು ಅಂಗಡಿ ಹತ್ತಿ ಇಳಿದ ಮೇಲೆ ಎಥನಾಲ್ ತಡೆಯುವ 5 ಮಿ.ಮೀ. ಪೈಪ್ ಎರಡು ಮೀಟರ್ ಸಿಕ್ಕಿತು, 640 ರೂಪಾಯಿ. ಡಿಸ್ಟ್ರಿಬ್ಯೂಟರಿನ ನೆತ್ತಿಯ ಮೇಲೆ ನೇತಾಡುತ್ತಿದ್ದ ಪ್ಲಾಸ್ಟಿಕ್ ಫಿಲ್ಟರನ್ನು ಅಲ್ಲಿಂದ ತೆಗೆದು, ಕಾರಿನ ಮುಂಭಾಗದಲ್ಲಿ ಟ್ಯಾಂಕಿನ ಕೆಳಗೆ ಹಾಕಿದೆ.

ಫೆಬ್ರುವರಿ 16

ಹೊಂದಾಣಿಕೆಯ ದಿನ, ಇಡೀ ಕೆಲಸದ ತಿರುಳು.

ಮೊದಲ ಯತ್ನದಲ್ಲಿ ಇಂಜಿನ್ ಐಡ್ಲಿಂಗ್‌ನಲ್ಲಿ ನಿಲ್ಲಲೇ ಇಲ್ಲ. ಆಕ್ಸಲರೇಟರ್ ಒತ್ತಿ ಹಿಡಿದರೆ ಓಡುತ್ತಿತ್ತು, ಬಿಟ್ಟರೆ ಸಾಯುತ್ತಿತ್ತು. ಮತ್ತೆ ಒಳದಾರಿ ಕಟ್ಟಿತೇನೋ ಎಂದು ಅರ್ಧ ಗಂಟೆ ಪೈಲಟ್ ಜೆಟ್ ತೆಗೆದು ಹಾಕಿ ಮಾಡಿದೆ. ಕೊನೆಗೆ ಅಕ್ಕನ ಮಗನನ್ನು ಕೂರಿಸಿ ಕೀ ತಿರುಗಿಸಲು ಹೇಳಿ, ಕಟ್-ಆಫ್ ವಾಲ್ವಿನ ಪಕ್ಕ ಕಿವಿಯಿಟ್ಟೆ. ಕೀ ಆನ್ ಆದಾಗ ಅದು ಟಕ್ ಎನ್ನಬೇಕು. ಅನ್ನಲಿಲ್ಲ. "ಮಾಮ, ಇಲ್ಲೊಂದು ವೈರ್ ಸುಮ್ನೆ ನೇತಾಡ್ತಿದೆ" ಎಂದು ಅವನೇ ಆಮೇಲೆ ಇಳಿದು ಬಂದು ತೋರಿಸಿದ. ಅದನ್ನು ಜೋಡಿಸಿದ್ದೇ ತಡ ಟಕ್ ಎಂದಿತು.

ಇನ್ನು ಕ್ರಮ. ಇಪ್ಪತ್ತು ಕಿ.ಮೀ. ಓಡಿಸಿ ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ತಟ್ಟೆ ನೆಟ್ಟಗೆ ತೆರೆದಿರಬೇಕು. ಮೊದಲು ಥ್ರಾಟಲ್ ತೋಳಿನ ಸ್ಕ್ರೂ, ಅಂದರೆ ನನ್ನ ನಾಲ್ಕು ವರ್ಷದ ತಪ್ಪಿನ ಸ್ಕ್ರೂ. ಅದನ್ನು ಮೆಟ್ಟಿಲಿನಂಥ ಕ್ಯಾಮಿಗೆ ತಾಗದಷ್ಟು ಹಿಂದಕ್ಕೆ ಬಿಡಿಸಿ, ತಟ್ಟೆ ಪೂರ್ತಿ ಮುಚ್ಚಲು ಬಿಟ್ಟು, ಮತ್ತೆ ನಿಧಾನವಾಗಿ ಒಳಗೆ ತಿರುಗಿಸುತ್ತಾ ಬಂದೆ. ಕ್ಯಾಮಿನ ಅತಿ ಕೆಳಗಿನ ಮೆಟ್ಟಿಲಿಗೆ ತಾಗಿದ ಮೇಲೆ ಕಾಲು ಸುತ್ತು. ಅದರ ಕೆಲಸ ಅಲ್ಲಿಗೆ ಮುಗಿಯಿತು; ತಟ್ಟೆ ಗೋಡೆಗೆ ಸಿಕ್ಕಿಕೊಳ್ಳದಂತೆ ಕೂದಲೆಳೆ ಸಂದು ಉಳಿಸುವುದು, ತಣ್ಣಗಿರುವಾಗ ಚೋಕ್ ಜೊತೆ ಸೇರಿ ವೇಗ ಏರಿಸುವುದು, ಅಷ್ಟೇ. ಹೊಂದಿಸಿದ ಮೇಲೆ ತಲೆಗೆ ಕೆಂಪು ಉಗುರುಬಣ್ಣ ಬಳಿದೆ, ಇನ್ನು ಮುಟ್ಟಕೂಡದೆಂದು.

ಎರಡನೆಯದು ಮಿಶ್ರಣದ ಸಣ್ಣ ಸ್ಕ್ರೂ. ಅದನ್ನು ಬೆರಳ ಬಲದಿಂದ ಮಾತ್ರ ಒಳಗೆ ಕೂರುವವರೆಗೆ ತಿರುಗಿಸಿ (ಬಲ ಹಾಕಿದರೆ ಅದರ ಚೂಪು ತುದಿ ಗಾಯವಾಗುತ್ತದೆ), ಎರಡೂವರೆ ಸುತ್ತು ಹೊರಗೆ ತಂದೆ. ಮೂರನೆಯದು ದಪ್ಪ ತಲೆಯ ಬೈಪಾಸ್ ಸ್ಕ್ರೂ. ಐಡ್ಲಿಂಗ್ ವೇಗಕ್ಕೆ ಇರುವುದು ಇದೊಂದೇ. ಅದರಿಂದ 850 ಆರ್‌ಪಿಎಂಗೆ ತಂದೆ. ಬಳಿಕ ಮಿಶ್ರಣದ ಸ್ಕ್ರೂವನ್ನು ಅತಿ ನಿಧಾನವಾಗಿ ತಿರುಗಿಸುತ್ತಾ ವೇಗ ಗರಿಷ್ಠವಾಗುವ ಜಾಗ ಹುಡುಕಿ, ಅಲ್ಲಿಂದ 20-30 ಆರ್‌ಪಿಎಂ ಇಳಿಯುವಷ್ಟು ಒಳಗೆ ತಿರುಗಿಸಿ, ಬೈಪಾಸ್‌ನಿಂದ ಮತ್ತೆ 850ಕ್ಕೆ ತಂದೆ. ಪ್ರತಿ ತಿರುವಿನ ನಂತರ ಹತ್ತು ಸೆಕೆಂಡ್ ಕಾಯಬೇಕು. ಮೊದಲ ಸುತ್ತಿನಲ್ಲಿ ನಾನು ಕಾಯದೆ ತಿರುಗಿಸಿ, ವೇಗ ಏರಿದ್ದು ಯಾವ ತಿರುವಿಗೆ ಎಂದೇ ತಿಳಿಯದಾಗಿ, ಎಲ್ಲವನ್ನೂ ಮೊದಲಿನಿಂದ ಮಾಡಿದೆ.

ಕೊನೆಯಲ್ಲಿ ಮಿಶ್ರಣದ ಸ್ಕ್ರೂ ಎರಡೂ ಮುಕ್ಕಾಲು ಸುತ್ತಿನಲ್ಲಿ ನಿಂತಿತು. ವ್ಯಾಕ್ಯೂಮ್ ಪೈಪ್ ಕಿತ್ತು ಹಾಕಿ ಟೈಮಿಂಗ್ ಲೈಟ್ ಹಿಡಿದೆ: ಗುರುತು ಅಲುಗಲಿಲ್ಲ. ಜನವರಿ 12ರ ಪುಟಕ್ಕೆ ಹೋಗಿ ಪಕ್ಕದಲ್ಲಿ ಸರಿ ಗುರುತು ಹಾಕಿದೆ.

ಫೆಬ್ರುವರಿ 23

ಹೊರಡುವಾಗಿನ ಮುಗ್ಗರಿಕೆ ಬಹಳ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಆಕ್ಸಲರೇಟರ್ ಪಂಪ್ ಒಂದು ಒತ್ತಿಗೆ ಎಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ ಎಂದು ಅಳೆದೆ. ಇಂಜಿನ್ ಆರಿಸಿ, ಪಂಪಿನ ನಳಿಗೆಯ ಬಾಯಿಗೆ ಸಣ್ಣ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಹತ್ತು ಒತ್ತುಗಳ ಪೆಟ್ರೋಲನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಹಿಡಿದು ಹತ್ತರಿಂದ ಭಾಗಿಸಿದೆ. 0.9 ಮಿ.ಲೀ. ಬಂತು, ಒಂದೂವರೆಯ ಆಸುಪಾಸು ಇರಬೇಕು. ಪಂಪಿನ ಕಡ್ಡಿಯ ಪಿನ್ನನ್ನು ಪಕ್ಕದ ರಂಧ್ರಕ್ಕೆ ಬದಲಿಸಿದಾಗ 1.5 ಆಯಿತು. ನಳಿಗೆಯ ಬಾಯಿಯನ್ನೂ ಕೊಂಚ ಬಾಗಿಸಿ, ಧಾರೆ ಗೋಡೆಗೆ ಹೊಡೆಯದೆ ತೆರೆದ ತಟ್ಟೆಯ ಪಕ್ಕದಿಂದ ನೇರ ಕೆಳಗಿಳಿಯುವಂತೆ ಮಾಡಿದೆ. ಮುಗ್ಗರಿಕೆ ಹೋಯಿತು.

ಚೋಕ್ ಬಿಲ್ಲೆಯನ್ನು ನಡುವಿನ ಗುರುತಿಗೆ ಇಟ್ಟಿದ್ದೆ. ಬೆಂಗಳೂರಿನ ಬೆಳಗಿಗೆ ಅದು ತುಸು ಹೆಚ್ಚೇ ಎನಿಸಿ, ಒಂದು ಗೆರೆ ತೆಳುವಿನ (ಪೆಟ್ರೋಲ್ ಕಡಿಮೆಯಾಗುವ) ಕಡೆಗೆ ತಿರುಗಿಸಿದೆ. ಈಗ ಎರಡು ನಿಮಿಷದಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ.

ಮಾರ್ಚ್ 2 ಮತ್ತು ಆಮೇಲೆ

ಶನಿವಾರ ಸಕಲೇಶಪುರ, ಶಿರಾಡಿ ಘಾಟಿಯ ದಾರಿಯಲ್ಲಿ ಮಂಗಳೂರಿಗೆ ಹೋಗಿ ಭಾನುವಾರ ಹಿಂದಿರುಗಿದೆ. ಬೆಂಗಳೂರಿನಲ್ಲಿ ತಿಳಿಕಂದು ಬಣ್ಣಕ್ಕಿದ್ದ ಪ್ಲಗ್‌ಗಳು ಮಂಗಳೂರಿನಲ್ಲಿ ಬಿಚ್ಚಿದಾಗ ಸುಣ್ಣದಂತೆ ಬಿಳಿಯಾಗಿದ್ದವು, ಹಿಂದಿರುಗುವಾಗ ಘಾಟಿಯ ಬುಡದ ಏರಿನಲ್ಲಿ ಇಂಜಿನ್ ಬಡಿಯುವ ಸದ್ದೂ ಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಎಥನಾಲ್ ಸುಡಲು ಕಡಿಮೆ ಗಾಳಿ ಸಾಕು, ಆದ್ದರಿಂದ ಶುದ್ಧ ಪೆಟ್ರೋಲಿಗೆ ಹೇಳಿಮಾಡಿಸಿದ ಜೆಟ್ ಶೇಕಡಾ 20ರ ಬೆರಕೆಗೆ ಸಾಲದೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಬೀಳುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯೇ ತೆಳುವಾಗಿರುವುದರಿಂದ ಆ ಕೊರತೆ ಅರ್ಧ ಮುಚ್ಚಿಹೋಗುತ್ತದೆ. ಕಡಲ ಮಟ್ಟಕ್ಕೆ ಇಳಿದಾಗ ಬಯಲಾಗುತ್ತದೆ.

ಮೇನ್ ಜೆಟ್ 127.5 ತೆಗೆದು 132.5 ತರಿಸಿ ಹಾಕಿದೆ. ಅಂಕಿ ಸ್ವಲ್ಪವೇ ಏರಿದಂತೆ ಕಂಡರೂ ರಂಧ್ರದ ವಿಸ್ತೀರ್ಣ ಶೇಕಡಾ 8ರಷ್ಟು ಹೆಚ್ಚುತ್ತದೆ. ಊರಿನಲ್ಲಿ ಪ್ಲಗ್ ಬಣ್ಣ ಒಂದು ಛಾಯೆ ಗಾಢವಾಗಿದೆ, ಮಸಿ ಹಿಡಿದಿಲ್ಲ. ಮೈಲೇಜ್ ಮೂರು ಟ್ಯಾಂಕಿನ ಸರಾಸರಿಯಲ್ಲಿ ಲೀಟರಿಗೆ 10.4 ಕಿ.ಮೀ.

ಖರ್ಚು: ಕಿಟ್ ಮತ್ತು ಸುಂಕ 3,200, ಲೇತ್ ಕೆಲಸ 1,400, ರಬ್ಬರ್ ಬೂಟ್ ಜೋಡಿ 900, ಪೈಪ್ 640, ಎರಡು ಜೆಟ್ 750, ಸ್ಪ್ರೇ ಮೂರು ಡಬ್ಬಿ 1,140. ಒಟ್ಟು 8,030 ರೂಪಾಯಿ, ಸೈಕಲ್ ಅಂಗಡಿಯ ಗುಂಡನ್ನು ಬಿಟ್ಟು.

ಹೊಸ ಜೆಟ್ ಹಾಕಿದ ಮೇಲೆ ಕಾರು ಇನ್ನೂ ಕರಾವಳಿ ನೋಡಿಲ್ಲ. ಬಡಿತ ಹೋಯಿತೋ ಇಲ್ಲವೋ ತಿಳಿಯಲು ಮತ್ತೊಮ್ಮೆ ಶಿರಾಡಿ ಇಳಿಯಬೇಕು, ಅದೂ ಮಳೆ ಹಿಡಿಯುವ ಮೊದಲು. 3ನೇ ಸಿಲಿಂಡರಿನ ಟ್ಯಾಪೆಟ್ ಚೀಟಿಯಲ್ಲಿ ಬರೆದ ಸಾವಿರ ಕಿ.ಮೀ. ಆ ಹೊತ್ತಿಗೆ ತುಂಬಿರುತ್ತದೆ.